ಲಾರಿ ಬಾರದ ದಿನಕ್ಕೊಂದು ಕುಲುಮೆ: ಊರಿನ ಕಸುಬುಗಳನ್ನು ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಲೋಕವೇ ಮುಳುಗಿಹೋಗುವ ಕಥೆಗಳನ್ನು ಕೇಳಿದರೆ ನನಗೆ ನಗು ಬರುತ್ತಿತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ನಡುಗಡ್ಡೆಗಳಾದಾಗ ಆ ನಗು ಅರ್ಧ ಇಳಿಯಿತು. ಮರುವರ್ಷ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಉಳಿದರ್ಧವೂ ಹೋಯಿತು. ಆ ಏಪ್ರಿಲ್‌ನಲ್ಲಿ, ಮುಂಗಾರಿಗೆ ಹೊಲ ಹಸನು ಮಾಡುವ ಹೊತ್ತಿಗೆ, ನಮ್ಮ ಓಣಿಯ ಒಬ್ಬರ ಕುಂಟೆಯ ಕುಡ, ಅಂದರೆ ಮಣ್ಣಿಗಿಳಿಯುವ ಕಬ್ಬಿಣದ ಅಲಗು, ಮುರಿಯಿತು. ಪೇಟೆಯ ವೆಲ್ಡಿಂಗ್ ಅಂಗಡಿಗೆ ಬೀಗ. ಊರಿನ ಕಮ್ಮಾರ ಅಜ್ಜ ಕುಲುಮೆ ಆರಿಸಿ ಎಂಟು ವರ್ಷವಾಗಿತ್ತು. ಬೆಂಕಿಗೆ ಗಾಳಿ ಊದುವ ತಿದಿಯ ಚರ್ಮವನ್ನು ಇಲಿ ತಿಂದಿತ್ತು. ಹಳೆಯ ಸೈಕಲ್ ಚಕ್ರಕ್ಕೆ ಬ್ಲೋವರ್ ಕಟ್ಟಿ, ಎರಡು ದಿನ ಒದ್ದಾಡಿ, ಅಜ್ಜ ಆ ಕುಡವನ್ನು ಹಣಿದು ಕೊಟ್ಟರು. ಅವತ್ತು ಕುಲುಮೆಯ ಸುತ್ತ ನಿಂತವರು ಮೂವತ್ತು ಜನ. ಅವರಲ್ಲಿ ಇಕ್ಕುಳ ಹಿಡಿಯಲು ಬರುತ್ತಿದ್ದವರು ಒಬ್ಬರೂ ಇರಲಿಲ್ಲ.

ಸಮಾಜ ಕುಸಿಯುವುದು ಎಂದರೆ ಸಿನಿಮಾದಲ್ಲಿ ತೋರಿಸುವಂತೆ ಬೆಂಕಿ, ಹೊಗೆ, ಓಡಾಟವೇ ಆಗಬೇಕಿಲ್ಲ. ಲಾರಿ ಬರುವುದಿಲ್ಲ, ಕರೆಂಟು ಇರುವುದಿಲ್ಲ, ಮುರಿದದ್ದನ್ನು ಕೂಡಿಸುವ ಮನುಷ್ಯ ಸತ್ತು ಹತ್ತು ವರ್ಷವಾಗಿರುತ್ತದೆ. ಅಂಥ ದಿನ ಬಂದರೆ ಊರು ಮತ್ತೆ ಎದ್ದು ನಿಲ್ಲಲು ಬೇಕಾಗುವ ಕಸುಬುಗಳನ್ನು ಈಗಲೇ ಹಿಡಿದಿಟ್ಟುಕೊಳ್ಳುವುದು ಹೇಗೆ? ಅಂದಿನಿಂದ ನಾವು ಒಂದಷ್ಟು ಜನ ಮಾಡಿಕೊಂಡು ಬಂದ ಕೆಲಸದ ಕ್ರಮ ಇದು. ನಾವು ಎಡವಿದ ಜಾಗಗಳನ್ನೂ ಬರೆದಿದ್ದೇನೆ.

ಹೆಜ್ಜೆ 1: ಒಂದು ದಿನವನ್ನು ಬರೆಯಿರಿ

ಕಸುಬುಗಳ ಪಟ್ಟಿಯಿಂದ ಶುರು ಮಾಡಬೇಡಿ. ಶುರು ಮಾಡಿದರೆ ಬಡಗಿ, ಕುಂಬಾರ, ನೇಕಾರ ಎಂದು ಪಠ್ಯಪುಸ್ತಕದ ಪಟ್ಟಿಯೇ ಬರುತ್ತದೆ. ಬದಲಿಗೆ ಒಂದು ನೋಟ್‌ಬುಕ್ ಹಿಡಿದು ಒಂದೇ ಒಂದು ಮನೆಯಲ್ಲಿ ಬೆಳಗಿನ ಐದರಿಂದ ರಾತ್ರಿಯವರೆಗೆ ಕುಳಿತು, ಆ ಮನೆಯವರ ಕೈಗೆ ತಾಗಿದ ವಸ್ತುಗಳನ್ನೆಲ್ಲ ಬರೆಯಿರಿ. ಹಗ್ಗ, ಕೊಡ, ಕುಡುಗೋಲು, ಬುಟ್ಟಿ, ಬೀಸುವ ಕಲ್ಲು, ಚಪ್ಪಲಿ, ಬಾಗಿಲ ಅಗುಳಿ, ದನದ ದಾಬು, ಎಲ್ಲವನ್ನೂ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ: ಇದು ಮುರಿದರೆ ಯಾರು ಸರಿ ಮಾಡುತ್ತಾರೆ? ಅವರಿಗೆ ಸಾಮಾನು ಎಲ್ಲಿಂದ ಬರುತ್ತದೆ? ಅಲ್ಲಿಂದ ಬಾರದಿದ್ದರೆ?

ನಮ್ಮ ಕಡೆ ಹಗ್ಗದ ಮುಂದೆ ಬಂದ ಉತ್ತರ ನೋಡಿ. ಹಗ್ಗ ಪ್ಲಾಸ್ಟಿಕ್ಕಿನದು, ಪೇಟೆಯಿಂದ ಬರುತ್ತದೆ. ಬಾರದಿದ್ದರೆ? ಹೊಲದ ಬದುವಿನಲ್ಲಿ ಕತ್ತಾಳೆ ಇದೆ, ಪುಂಡಿಯನ್ನು ಪಲ್ಯಕ್ಕಾಗಿ ಈಗಲೂ ಬಿತ್ತುತ್ತಾರೆ. ಪುಂಡಿಯ ದಂಟನ್ನು ಎರಡು ವಾರದಷ್ಟು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸಬೇಕು ಎಂಬುದು ನಾಲ್ಕು ಜನ ಮುದುಕರಿಗೆ ಗೊತ್ತಿತ್ತು. ಹೊಸೆಯಲು ಬರುತ್ತಿದ್ದದ್ದು ಇಬ್ಬರಿಗೆ. ಹಗ್ಗ ನಮ್ಮ ಪಟ್ಟಿಯ ಎರಡನೆಯ ಸ್ಥಾನಕ್ಕೆ ಏರಿತು. ಆ ತನಕ ಯಾರ ತಲೆಯಲ್ಲೂ ಅದು ಕಸುಬೇ ಆಗಿರಲಿಲ್ಲ.

ಹಳೆಯ ಊರುಗಳು ಈ ಲೆಕ್ಕವನ್ನು ಆಯಗಾರರ ಪದ್ಧತಿಯಲ್ಲಿ ಇಟ್ಟುಕೊಂಡಿದ್ದವು. ಕಮ್ಮಾರ, ಬಡಗಿ, ಕುಂಬಾರ, ಅಗಸ ಮುಂತಾದವರು ವರ್ಷವಿಡೀ ಊರಿನ ಕೆಲಸ ಮಾಡಿ, ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದರು. ವ್ಯವಸ್ಥೆ ಗಟ್ಟಿಯಾಗಿತ್ತು, ನಿಜ. ಅದೇ ವ್ಯವಸ್ಥೆ ಕಮ್ಮಾರನ ಮಗನನ್ನು ಕಮ್ಮಾರಿಕೆಗೆ, ಚರ್ಮದ ಕೆಲಸದವರನ್ನು ಊರ ಹೊರಗಿನ ಕೇರಿಗೆ ಕಟ್ಟಿಹಾಕಿತ್ತು ಎಂಬುದೂ ಅಷ್ಟೇ ನಿಜ. ಎಷ್ಟೋ ಮನೆಗಳು ಕಸುಬು ಬಿಟ್ಟದ್ದು ಆ ಅವಮಾನ ಸಾಕಾಗಿ. ಅವರ ಮೊಮ್ಮಗನ ಬಳಿ ಹೋಗಿ "ನಿಮ್ಮ ಕುಲಕಸುಬು ಉಳಿಸಿ" ಎಂದು ಉಪದೇಶ ಮಾಡುವ ಹಕ್ಕು ನಮಗಾರಿಗೂ ಇಲ್ಲ. ಕಲಿಯಬೇಕಾದವರು ಊರಿನ ಎಲ್ಲ ಓಣಿಗಳಿಂದ ಬರಬೇಕು. ಇದನ್ನು ಮೊದಲ ಸಭೆಯಲ್ಲೇ ಹೇಳಿಬಿಡಿ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ಹೆಜ್ಜೆ 2: ನಾಲ್ಕನ್ನು ಆರಿಸಿ, ಕಬ್ಬಿಣ ಮೊದಲು

ನಲವತ್ತು ಕಸುಬು ಉಳಿಸಲು ಹೊರಟವರು ನಾಲ್ಕನ್ನೂ ಉಳಿಸಿಕೊಂಡದ್ದನ್ನು ನಾನು ನೋಡಿಲ್ಲ. ಬೇರೆ ಕಸುಬಿನ ಉಪಕರಣ ಮಾಡಿಕೊಡುವ ಕಸುಬು ಮೊದಲು. ಬಡಗಿಯ ಉಳಿ, ಮೇದರ ಕತ್ತಿ, ಕಲ್ಲುಕುಟಿಗನ ಚಾಣ, ರೈತನ ಕುಡ ಎಲ್ಲವೂ ಕುಲುಮೆಯಿಂದಲೇ ಬರಬೇಕು. ಆದ್ದರಿಂದ ಕಮ್ಮಾರಿಕೆ. ಆಮೇಲೆ ನಾವು ಆರಿಸಿಕೊಂಡದ್ದು ಹಗ್ಗ, ಸುಣ್ಣದ ಗಾರೆ, ಮತ್ತು ಬೀಜ ಬಿತ್ತುವ ಕೂರಿಗೆ ಮಾಡುವ ಮರಗೆಲಸ. ನಿಮ್ಮದು ಕರಾವಳಿಯಾದರೆ ದೋಣಿ, ಬಲೆ ಬರಬಹುದು; ಮಲೆನಾಡಾದರೆ ಬಿದಿರು.

ಬಿದರಿ, ಇಳಕಲ್ಲಿನ ಸೀರೆ, ಚನ್ನಪಟ್ಟಣದ ಬೊಂಬೆ ನಮ್ಮ ಪಟ್ಟಿಯಲ್ಲಿ ಇಲ್ಲವೆಂದು ಕೆಲವರು ಮುನಿಸಿಕೊಂಡರು. ಆ ಕಸುಬುಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅವಕ್ಕೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ, ಮಾರಾಟ ಮಳಿಗೆಗಳಿವೆ, ಹೊರದೇಶದ ಗಿರಾಕಿಗಳಿದ್ದಾರೆ. ಕುಡುಗೋಲಿಗೆ ಕಕ್ಕು, ಅಂದರೆ ಗರಗಸದಂಥ ಸಣ್ಣ ಹಲ್ಲು, ಹಾಕುವ ಅಜ್ಜನಿಗೆ ಯಾವ ಪ್ರಶಸ್ತಿಯೂ ಬರುವುದಿಲ್ಲ.

ಹೆಜ್ಜೆ 3: ಕಸುಬುದಾರರ ಜೊತೆ ಕೂರುವ ಕ್ರಮ

ಮೊದಲು ಕೂಲಿ ಮಾತಾಡಿ. ಅವರು ಕೆಲಸ ಮಾಡುವ ದಿನಗಳಿಗೆ ಮಾತ್ರವಲ್ಲ, ಮಾತಾಡುವ ದಿನಗಳಿಗೂ ಕೊಡಬೇಕು. ಪುಕ್ಕಟೆ ಕೇಳಿದರೆ ಪುಕ್ಕಟೆಯ ಉತ್ತರವೇ ಸಿಗುತ್ತದೆ.

"ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಬೇಡಿ. "ಹಿಂಗೇ, ಕಾಯಿಸಿ ಬಡಿಯುವುದು" ಎಂಬ ಉತ್ತರ ಬರುತ್ತದೆ. ನಲವತ್ತು ವರ್ಷ ಮಾಡಿದವರಿಗೆ ತಮ್ಮ ಕೈ ಏನು ಮಾಡುತ್ತಿದೆ ಎಂಬುದು ಮರೆತುಹೋಗಿರುತ್ತದೆ. ಈ ಪ್ರಶ್ನೆಗಳು ನಮಗೆ ಕೆಲಸಕ್ಕೆ ಬಂದವು: ಹದ ಬಂದಿದೆ ಎಂದು ಹೇಗೆ ಗೊತ್ತಾಗುತ್ತದೆ? ಹದ ಮೀರಿದರೆ ಏನಾಗುತ್ತದೆ? ಕಲಿಯುವಾಗ ನಿಮ್ಮ ಅಪ್ಪ ನಿಮ್ಮನ್ನು ಬೈದದ್ದು ಯಾವುದಕ್ಕೆ? ಮಳೆಗಾಲದಲ್ಲಿ ಏನು ಬದಲಿಸುತ್ತೀರಿ? ಯಾವ ಸಾಮಾನನ್ನು ನೋಡಿದ ಕೂಡಲೇ ಬೇಡ ಅನ್ನುತ್ತೀರಿ?

ಇವೆಲ್ಲಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿದೆ. ಅವರ ಮುಂದೆ ನೀವೇ ಕೆಲಸಕ್ಕಿಳಿದು ತಪ್ಪು ಮಾಡಿ. ಬಾಯಲ್ಲಿ ಬಾರದ ಮಾತು ಆಗ ತಾನಾಗಿ ಬರುತ್ತದೆ. ನಾನು ಸುತ್ತಿಗೆ ಎತ್ತಿದ ಎರಡನೇ ಪೆಟ್ಟಿಗೇ ಅಜ್ಜ, "ತಮ್ಮಾ, ಅದು ತಣ್ಣಗಾಯಿತು, ಇನ್ನು ಬಡಿದರೆ ಸೀಳುತ್ತದೆ, ಸದ್ದು ಕೇಳಿಸುತ್ತಿಲ್ಲವೇ?" ಎಂದರು. ಕಾದ ಕಬ್ಬಿಣದ ಸದ್ದು ಮಂದ, ಆರಿದಂತೆ ಠಣ್ ಎನ್ನುತ್ತದೆ. ಮೂರು ದಿನ ಪ್ರಶ್ನೆ ಕೇಳಿದಾಗ ಈ ಮಾತು ಹೊರಬಂದಿರಲಿಲ್ಲ.

ಇನ್ನೊಂದು ಮಾತು. ಮನೆಯ ಹೆಂಗಸರ ಜೊತೆ ಬೇರೆಯಾಗಿ ಕೂತುಕೊಳ್ಳಿ. ಕುಂಬಾರರ ಮನೆಯಲ್ಲಿ ಮಣ್ಣು ಸೋಸಿ ತುಳಿದು ಹದ ಮಾಡುವವರು, ನೇಕಾರರ ಮನೆಯಲ್ಲಿ ನೂಲು ಸುತ್ತುವವರು, ಕುಲುಮೆಯಲ್ಲಿ ತಿದಿ ಒತ್ತುವವರು ಹೆಚ್ಚಾಗಿ ಅವರೇ. ಬೆಂಕಿಗೆ ಎಷ್ಟು ಗಾಳಿ ಬೇಕು ಎಂಬುದನ್ನು ನಮಗೆ ಸರಿಯಾಗಿ ವಿವರಿಸಿದ್ದು ಅಜ್ಜ ಅಲ್ಲ, ಅಜ್ಜಿ.

ಹೆಜ್ಜೆ 4: ದಾಖಲೆ, ಮೊಬೈಲ್ ಹೇಳುವ ಸುಳ್ಳು

ಕುಡುಗೋಲಿಗೆ ಹದ ಕೊಡುವ ಕೆಲಸವನ್ನೇ ನೋಡೋಣ. ಇಡೀ ಕಮ್ಮಾರಿಕೆಯ ಜೀವ ಇರುವುದು ಈ ಹತ್ತು ನಿಮಿಷದಲ್ಲಿ.

ಗುಜರಿಯ ಲಾರಿ ಸ್ಪ್ರಿಂಗ್ ಪಟ್ಟಿ ಇದಕ್ಕೆ ಒಳ್ಳೆಯ ಉಕ್ಕು. ಕಾಯಿಸಿ, ಹಣಿದು, ಬಾಗಿಸಿ ಆಕಾರಕ್ಕೆ ತಂದ ಮೇಲೆ ಒಮ್ಮೆ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು. ಆಗ ಅದು ಮೆತ್ತಗಾಗುತ್ತದೆ. ಕಕ್ಕು ಹಾಕುವುದು ಈಗಲೇ. ಆಮೇಲೆ ಮತ್ತೆ ಒಲೆಗೆ. ಬಾಯಿಯ ಉದ್ದಕ್ಕೂ ಒಂದೇ ಸಮನಾದ ಕೆಂಪು ಬರುವವರೆಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಬೇಕು. ಈ ಪಟ್ಟಿಯನ್ನು ನೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಸಂಭವ ಹೆಚ್ಚು. ಎಣ್ಣೆಯ ಪಾತ್ರೆ ಲೋಹದ್ದಿರಲಿ, ಮುಚ್ಚಳ ಕೈಗೆ ಸಿಗುವಂತಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಬೇಕೇ ಹೊರತು ನೀರು ಸುರಿಯಬಾರದು.

ಈಗ ಕುಡುಗೋಲು ಗಾಜಿನ ಹಾಗೆ ಗಡಸು, ಕೆಳಗೆ ಬಿದ್ದರೆ ಮುರಿಯುತ್ತದೆ. ಬಾಯಿಯನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಬಿಸಿ ಏರಿಸಿ. ಬೆಳ್ಳಗಿನ ಮೇಲೆ ಬಣ್ಣಗಳು ಹರಿಯುತ್ತವೆ. ಮೊದಲು ಒಣ ಹುಲ್ಲಿನ ಹಳದಿ, ಅದು ಸುಮಾರು 220 ಡಿಗ್ರಿ ಸೆಲ್ಸಿಯಸ್. ಆಮೇಲೆ ಕಂದು, 250ರ ಆಚೆ. ನಂತರ ನೇರಳೆ, 280ರ ಆಸುಪಾಸು. ಕೊನೆಗೆ ನೀಲಿ, 300. ಕುಡುಗೋಲಿಗೆ ಕಂದು ಮುಗಿದು ನೇರಳೆ ಇಣುಕುವಾಗ ತೆಗೆಯಬೇಕು. ನೀಲಿಗೆ ಹೋದರೆ ಬಾಯಿ ಬೇಗ ಮೊಂಡಾಗುತ್ತದೆ.

ಇದನ್ನೆಲ್ಲ ನಾನು ಮಧ್ಯಾಹ್ನದ ಬೆಳಕಿನಲ್ಲಿ, ಜೊತೆಗೊಂದು ದೀಪ ಹಚ್ಚಿ, ಮೊಬೈಲ್‌ನಲ್ಲಿ ಚಂದಕ್ಕೆ ಚಿತ್ರೀಕರಿಸಿದೆ. ಆ ವಿಡಿಯೋ ನೋಡಿ ಕಲಿತ ಹುಡುಗ ಮಾಡಿದ ಮೊದಲ ಐದು ಕುಡುಗೋಲುಗಳಲ್ಲಿ ನಾಲ್ಕು ಜೋಳದ ದಂಟಿಗೆ ತಾಗುತ್ತಲೇ ಚಕ್ಕೆ ಎದ್ದವು. ಕಾರಣ ಹುಡುಕಲು ಒಂದು ತಿಂಗಳು ಹಿಡಿಯಿತು. ಕ್ಯಾಮೆರಾ ಬೆಳಕನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಮಂದ ಕೆಂಪು ಅದರಲ್ಲಿ ಕಿತ್ತಳೆಯಾಗಿ, ಕಿತ್ತಳೆ ಬಹುತೇಕ ಬಿಳಿಯಾಗಿ ಕಾಣುತ್ತದೆ. ಪರದೆಯ ಬಣ್ಣ ಬರಲಿ ಎಂದು ಹುಡುಗ ಅತಿಯಾಗಿ ಕಾಯಿಸುತ್ತಿದ್ದ. ಅಜ್ಜ ಹದ ಕೊಡುವ ಮುನ್ನ ಯಾವಾಗಲೂ "ಬಾಗಿಲು ಮುಚ್ಚು" ಅನ್ನುತ್ತಿದ್ದುದರ ಅರ್ಥ ನನಗೆ ಆಗಲೇ ಆದದ್ದು. ಕಬ್ಬಿಣದ ಬಣ್ಣವನ್ನು ಓದಬೇಕಾದದ್ದು ನೆರಳಿನಲ್ಲಿ. ನಾನು ಚಿತ್ರಕ್ಕೆ ಬೆಳಕು ಬೇಕೆಂದು ಬಾಗಿಲು ತೆರೆಸಿದ್ದೆ.

ಆದ್ದರಿಂದ ಬಣ್ಣ, ವಾಸನೆ, ಬಿಗಿ, ಸದ್ದು ಯಾವುದೇ ಆಗಲಿ, ಅದಕ್ಕೊಂದು ಎರಡನೆಯ ಸಾಕ್ಷಿ ಬರೆದಿಡಿ. ಉಕ್ಕಿನ ವಿಷಯದಲ್ಲಿ ಆ ಸಾಕ್ಷಿ ಒಂದು ಸಣ್ಣ ಅಯಸ್ಕಾಂತ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಟದಾದ ಮೇಲೆ ಒಂದಿಷ್ಟೇ ಹೆಚ್ಚು ಕಾಯಿಸಿ ಅದ್ದಬೇಕು. ಹುಡುಗ ಈಗ ಕಂಬಿಯ ತುದಿಗೆ ಅಯಸ್ಕಾಂತ ಕಟ್ಟಿಟ್ಟುಕೊಂಡಿದ್ದಾನೆ.

ಅಳತೆಗಳಲ್ಲೂ ಎಚ್ಚರ. ಗೇಣು, ಮೊಳ ಎಂದು ಹೇಳಿದರೆ ಅದು ಆ ಕಸುಬುದಾರರ ಗೇಣು. ಅವರ ಕೈಯನ್ನು ಅಳೆದು ಸೆಂಟಿಮೀಟರ್‌ನಲ್ಲಿ ಬರೆಯಿರಿ, ಅವರ ಮಾತನ್ನೂ ಹಾಗೆಯೇ ಉಳಿಸಿ. ಕೂರಿಗೆಯ ಅಳತೆಗೆ ಬರಹಕ್ಕಿಂತ ಹಲಗೆಯಲ್ಲಿ ಕೊಯ್ದ ಅಚ್ಚುಗಳೇ ವಾಸಿ. ದಾಖಲೆಯ ಮುಖ್ಯ ಪ್ರತಿ ಕಾಗದದಲ್ಲಿರಲಿ, ಪೆನ್ಸಿಲ್ ಇಲ್ಲವೇ ನೀರಿಗೆ ಅಳಿಸದ ಶಾಯಿಯಲ್ಲಿ. ಮೂರು ಮನೆಗಳಲ್ಲಿ ಮೂರು ಪ್ರತಿ. ಕರೆಂಟು ಇಲ್ಲದ ದಿನಕ್ಕಾಗಿ ಮಾಡುವ ದಾಖಲೆಯನ್ನು ಕರೆಂಟಿಲ್ಲದೆ ತೆರೆಯಲಾಗದ ಪೆಟ್ಟಿಗೆಯಲ್ಲಿ ಇಡುವುದು ಜಾಣತನವಲ್ಲ.

ಹೆಜ್ಜೆ 5: ಸಾಮಾನಿನ ಮಾದರಿಯನ್ನೂ ಕೂಡಿಡಿ

ನಮ್ಮದೇ ನೆಲದ ಒಂದು ನಷ್ಟವನ್ನು ಇಲ್ಲಿ ನೆನೆಯಬೇಕು. ಯುರೋಪಿನವರು ವೂಟ್ಜ್ ಎಂದು ಕರೆದ ಉಕ್ಕಿಗೆ ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಉಕ್ಕು ಮಾಡುವ ವಿಧಾನವನ್ನು ಬರೆದಿಟ್ಟ. ಮಣ್ಣಿನ ಮೂಸೆಯಲ್ಲಿ (ಲೋಹ ಕರಗಿಸುವ ಪುಟ್ಟ ಪಾತ್ರೆಯಲ್ಲಿ) ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುವುದು. ಬರಹ ಉಳಿಯಿತು, ಕಸುಬು ಉಳಿಯಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕತ್ತಿ ಮಾಡುವ ಆಲ್ಫ್ರೆಡ್ ಪೆಂಡ್ರೆ ಈ ಉಕ್ಕಿನ ಕತ್ತಿಗಳ ಮೇಲಿನ ಅಲೆಯಂಥ ಗೆರೆಗಳನ್ನು ಮತ್ತೆ ಮೂಡಿಸಲು ಹೊರಟಾಗ, ಆ ಗೆರೆಗಳಿಗೆ ಕಾರಣ ವನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶ ಎಂಬ ತೀರ್ಮಾನಕ್ಕೆ ಬಂದರು. ಮೂಸೆಯ ಮುಂದೆ ಕುಳಿತವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಇಂಥ ಅದಿರು ಒಳ್ಳೆಯದು ಎಂದಷ್ಟೇ ಅವರು ಬಲ್ಲರು.

ಹಾಗಾಗಿ ಕಸುಬುದಾರರು "ಆ ಕೆರೆಯ ಮಣ್ಣೇ ಆಗಬೇಕು" ಎಂದರೆ ಏಕೆ ಎಂದು ವಾದಿಸಬೇಡಿ. ಒಂದು ಡಬ್ಬಿಯಲ್ಲಿ ಆ ಮಣ್ಣು, ಪಕ್ಕದಲ್ಲಿ ಅವರು ಬೇಡ ಅಂದ ಮಣ್ಣು, ಎರಡರ ಮೇಲೂ ಜಾಗದ ಹೆಸರು, ತಾರೀಖು. ಇದ್ದಿಲಿಗೂ ಇದೇ ಮಾತು. ನಮ್ಮ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಬೇಡವೆಂದರೂ ಬೆಳೆಯುತ್ತದೆ. ಇದ್ದಿಲು ಚೆನ್ನಾಗಿ ಆಗುತ್ತದೆ. ಗುಂಡಿಯಲ್ಲಿ ಸುಟ್ಟರೆ ನಾಲ್ಕೈದು ಕೆಜಿ ಒಣ ಕಟ್ಟಿಗೆಗೆ ಒಂದು ಕೆಜಿ ಇದ್ದಿಲು. ಈ ಲೆಕ್ಕ ಹಾಕದೆ ಕುಲುಮೆ ಹೂಡಿದರೆ ಊರಿನ ಬೇವು, ಹುಣಸೆ ಎಲ್ಲ ಬೂದಿಯಾದೀತು.

ಹೆಜ್ಜೆ 6: ಸುಣ್ಣ, ಚಿಕ್ಕದಾಗಿ

ಸಿಮೆಂಟ್ ಚೀಲ ಬಾರದಿದ್ದರೆ ಗೋಡೆ ಕಟ್ಟುವುದು ಸುಣ್ಣದಿಂದ. ಸುಣ್ಣದ ಕಲ್ಲನ್ನು, ಕರಾವಳಿಯಲ್ಲಾದರೆ ಚಿಪ್ಪನ್ನು, ಸುಮಾರು 900 ಡಿಗ್ರಿಯಲ್ಲಿ ಸುಡಬೇಕು. ಬೆಂದಿತೋ ಇಲ್ಲವೋ ಎಂಬುದಕ್ಕೆ ಎರಡನೆಯ ಸಾಕ್ಷಿ ತಕ್ಕಡಿ: ಶುದ್ಧ ಕಲ್ಲು ಪೂರ್ತಿ ಬೆಂದರೆ ಹತ್ತು ಕೆಜಿ ಸುಮಾರು ಐದೂವರೆ ಕೆಜಿಗೆ ಇಳಿಯುತ್ತದೆ. ಅದಕ್ಕಿಂತ ಬಹಳ ಭಾರ ಉಳಿದರೆ ಒಳಗೆ ಹಸಿ ಇದೆ, ಇಲ್ಲವೇ ಕಲ್ಲಿನಲ್ಲಿ ಬೇರೆ ಮಣ್ಣು ಬೆರೆತಿದೆ.

ಸುಟ್ಟ ಸುಣ್ಣವನ್ನು ಅರಳಿಸುವಾಗ ನೀರು ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಕನ್ನಡಕ ಹಾಕಿ, ಮಕ್ಕಳನ್ನು ದೂರವಿಡಿ, ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಸುಣ್ಣದ ಮೇಲೆ ಒಮ್ಮೆಲೇ ನೀರು ಸುರಿಯಬೇಡಿ. ಅರಳಿದ ಸುಣ್ಣವನ್ನು ಮೇಲೆ ನೀರು ನಿಲ್ಲಿಸಿ ಕೆಲವು ವಾರವಾದರೂ ಇಡಿ, ಇಟ್ಟಷ್ಟೂ ಬೆಣ್ಣೆಯಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಹಾಕಿ ಚೆನ್ನಾಗಿ ಅರೆಯಬೇಕು. ಹಿಂದೆ ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದುದು ಇದಕ್ಕೇ. ಬೆಲ್ಲ ಮತ್ತು ಅಳಲೆಕಾಯಿ ನೆನೆಹಾಕಿದ ನೀರು ಬೆರೆಸುವ ಪದ್ಧತಿಯೂ ಇದೆ. ಗಾರೆ ಗಟ್ಟಿಯಾಗುವುದು ಗಾಳಿಯಿಂದ, ಬಲು ನಿಧಾನ. ಸಿಮೆಂಟಿನ ಅವಸರ ಇಲ್ಲಿ ನಡೆಯುವುದಿಲ್ಲ.

ಹೆಜ್ಜೆ 7: ಬರೆದದ್ದನ್ನು ಅಪರಿಚಿತರ ಕೈಗೆ ಕೊಡಿ

ಬರೆದವರಿಗೆ ತಮ್ಮ ಬರಹ ಅರ್ಥವಾಗುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ? ಆ ಕಸುಬನ್ನು ನೋಡದ ಪಕ್ಕದೂರಿನ ಒಬ್ಬರಿಗೆ ಕೊಟ್ಟು, ಕಸುಬುದಾರರನ್ನು ಬಾಯಿ ಕಟ್ಟಿ ಕೂರಿಸಿ, ಮಾಡಲು ಹೇಳಿ. ಎಲ್ಲಿ ಕೈ ನಿಂತಿತೋ ಅಲ್ಲಿ ಒಂದು ಗೆರೆ ಹಾಕಿ. ನಮ್ಮ ಹಗ್ಗದ ಬರಹದಲ್ಲಿ ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿ, ಅವನ್ನು ಕೂಡಿಸುವಾಗ ಎದುರು ದಿಕ್ಕಿಗೆ ತಿರುಚಬೇಕು ಎಂಬ ಮೂಲ ಮಾತೇ ಬಿಟ್ಟುಹೋಗಿತ್ತು. ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಯಾರೂ ಹೇಳಿರಲಿಲ್ಲ.

ಹೆಜ್ಜೆ 8: ಒಂದು ಕಸುಬಿಗೆ ಇಬ್ಬರು

ಒಬ್ಬರೇ ಕಲಿತರೆ ಅವರು ಬೆಂಗಳೂರಿಗೆ ಹೋದ ದಿನ ಕಸುಬೂ ಬಸ್ ಹತ್ತುತ್ತದೆ. ವಯಸ್ಸಿನಲ್ಲಿ ಹತ್ತು ಹದಿನೈದು ವರ್ಷ ಅಂತರವಿರುವ ಇಬ್ಬರನ್ನು ಹಿಡಿಯಿರಿ. ಹದಿನೆಂಟು ತುಂಬಿರಲಿ. ಕಲಿಯುವವರಿಗೂ ಕೂಲಿ ಇರಲಿ, ಇಲ್ಲದಿದ್ದರೆ ಸುಗ್ಗಿಯಲ್ಲಿ ಒಬ್ಬರೂ ಬರುವುದಿಲ್ಲ. ಕಲಿತದ್ದಕ್ಕೆ ಗುರುತು ಪ್ರಮಾಣಪತ್ರವಲ್ಲ: ತಾನು ಬಳಸುವ ಇಕ್ಕುಳವನ್ನು ತಾನೇ ಮಾಡಿಕೊಂಡರೆ ಕಮ್ಮಾರಿಕೆಯ ಮೊದಲ ಮೆಟ್ಟಿಲು ದಾಟಿದ ಹಾಗೆ.

ಹೆಜ್ಜೆ 9: ಕೆಲಸ ಕೊಡಿ

ಇಲ್ಲಿಯವರೆಗಿನದು ಮಾಡಿ ಇದನ್ನು ಬಿಟ್ಟರೆ ಎಲ್ಲವೂ ನೀರಿನಲ್ಲಿ ಹೋಮ. ಕಸುಬು ಉಳಿಯುವುದು ಗಿರಾಕಿಯಿಂದ.

ಪೆರುವಿನ ಅಪುರಿಮಾಕ್ ನದಿಯ ಮೇಲೆ ಕೆಸ್ವಚಾಕ ಎಂಬ ಹುಲ್ಲಿನ ತೂಗುಸೇತುವೆ ಇದೆ. ಸುತ್ತಲಿನ ಕ್ವೆಚುವಾ ಊರುಗಳ ಜನ ಮನೆಮನೆಯಿಂದ ಹಗ್ಗ ಹೊಸೆದು ತಂದು, ಪ್ರತಿ ಜೂನ್‌ನಲ್ಲಿ ಹಳೆಯದನ್ನು ಕಡಿದು ಹೊಸದನ್ನು ಕಟ್ಟುತ್ತಾರೆ. ಯುನೆಸ್ಕೊ 2013ರಲ್ಲಿ ಈ ಪದ್ಧತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊರೊನಾದಿಂದಾಗಿ 2020ರಲ್ಲಿ ಕಟ್ಟಲಾಗಲಿಲ್ಲ. 2021ರ ಮಾರ್ಚ್‌ನಲ್ಲಿ ಸೇತುವೆ ಹರಿದು ಬಿತ್ತು. ಅದೇ ಜೂನ್‌ನಲ್ಲಿ ಮತ್ತೆ ಕಟ್ಟಿದರು. ಜಪಾನಿನ ಇಸೆ ದೇಗುಲವನ್ನೂ ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಕೊನೆಯ ಬಾರಿ 2013ರಲ್ಲಿ. ಇಪ್ಪತ್ತರ ಹುಡುಗ ನಲವತ್ತಕ್ಕೆ ಮುಖ್ಯ ಬಡಗಿ, ಅರವತ್ತಕ್ಕೆ ಗುರುವಾಗುವಷ್ಟು ಸಮಯ ಅದು.

ನಮ್ಮಲ್ಲಿ ಇದಕ್ಕೆ ಹೊಸ ಹಬ್ಬ ಹುಟ್ಟಿಸಬೇಕಾಗಿಲ್ಲ, ಆಯುಧಪೂಜೆ ಇದೆ. ಕುಂಕುಮ ಹಚ್ಚಿ ಸುಮ್ಮನಾಗುವ ಬದಲು, ಅದರ ಹಿಂದಿನ ವಾರ ಊರಿನ ಹತಾರುಗಳೆಲ್ಲ ಕುಲುಮೆಗೆ ಬರಬೇಕು ಎಂದು ನಾವು ಕಟ್ಟು ಮಾಡಿಕೊಂಡೆವು. ಮೊದಲ ವರ್ಷ ಬಂದದ್ದು ಹನ್ನೊಂದು ಕುಡುಗೋಲು, ಮೂರು ಕೊಡಲಿ. ಪೇಟೆಯ ಕುಡುಗೋಲು ಅಗ್ಗ, ನಿಜ. ಮನೆಗೊಂದಾದರೂ ನಮ್ಮ ಕುಲುಮೆಯದು ಇರಲಿ ಎಂದು ಪಂಚಾಯಿತಿ ಕಟ್ಟೆಯಲ್ಲಿ ಕೂತು ಒಬ್ಬೊಬ್ಬರನ್ನೂ ಒಪ್ಪಿಸಬೇಕಾಯಿತು. ತೇರಿನ ಗಾಲಿಯ ದುರಸ್ತಿ, ಶಾಲೆಯ ಕಾಂಪೌಂಡಿಗೆ ಸುಣ್ಣದ ಗಾರೆ, ದನದ ಸಂತೆಗೆ ಪುಂಡಿ ಹಗ್ಗ, ಹೀಗೆ ವರ್ಷಕ್ಕೆ ಒಂದೊಂದು ಕೆಲಸವನ್ನು ಆಯಾ ಕಸುಬಿಗೇ ಮೀಸಲಿಡಿ.

ಕಳೆದ ಸಲ ಬಂದ ಹತಾರುಗಳು ಅರವತ್ತೆರಡು. ಅಜ್ಜ ಈಗ ಸುತ್ತಿಗೆ ಎತ್ತುವುದಿಲ್ಲ. ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಹದ ಕೊಡುವ ಹೊತ್ತಿಗೆ ಹುಡುಗ ಅವರನ್ನು ಕೇಳದೆಯೇ ಎದ್ದು ಬಾಗಿಲು ಮುಚ್ಚುತ್ತಾನೆ. ಕಕ್ಕು ಮಾತ್ರ ಅವನಿಗೆ ಇನ್ನೂ ಒಂದೇ ಅಂತರದಲ್ಲಿ ಬೀಳುತ್ತಿಲ್ಲ.